ಬಂಡೆಯೊಳಗೊಂದು ನಕ್ಷತ್ರ

ಕೇಳುಗರೇ, ನಮಸ್ಕಾರ.

ಮಾರ್ಚ್ ಕೊನೆಯ ಒಂದು ಅಮಾವಾಸ್ಯೆ. ಹಂಪಿ ಪಕ್ಕದ ಆನೆಗೊಂದಿ ಕಡೆಯ ಬಂಡೆಗಳ ನಡುವೆ ಟ್ರೈಪಾಡ್ ನಿಲ್ಲಿಸಿಕೊಂಡು ಕೂತಿದ್ದೆ. ಬೆಳಗಿನ ಜಾವ 3ರ ಹೊತ್ತಿಗೆ ಆಗ್ನೇಯದಲ್ಲಿ ಆಕಾಶಗಂಗೆ ಮೇಲೆದ್ದಿತು. ಬೇಕಾದಷ್ಟು ಫೋಟೊ ತೆಗೆದೆ. ಮನೆಗೆ ಬಂದು ಆಕಾಶವನ್ನೂ ನೆಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ, ಹೆಮ್ಮೆಯಿಂದ ತಂಗಿ ಮಗಳಿಗೆ ತೋರಿಸಿದೆ. ಅವಳು ನೋಡಿದವಳೇ, "ಮಾವ, ಬಂಡೆ ಒಳಗೆ ನಕ್ಷತ್ರ ಹೆಂಗೆ ಬಂತು?" ಅಂದಳು.

ಬಂದದ್ದು ಹೀಗೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ನಕ್ಷತ್ರ ಚುಕ್ಕಿಯಾಗಿ ಉಳಿಯದೆ ಗೀಟಾಗುತ್ತದೆ. 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ ಅನ್ನೋದು ಹಳೇ ಲೆಕ್ಕ. 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು. ಈಗಿನ ಕ್ಯಾಮೆರಾಗಳಿಗೆ ಅದೂ ಜಾಸ್ತಿ, ನಾನು 13ಕ್ಕೇ ನಿಲ್ಲಿಸುತ್ತೇನೆ. ಅಷ್ಟರಲ್ಲಿ ಬಂಡೆ ಬರೀ ಕಪ್ಪು ಮುದ್ದೆ. ಅದಕ್ಕೆ 4 ನಿಮಿಷವಾದರೂ ಬೇಕು. ಹಾಗಾಗಿ ಕ್ಯಾಮೆರಾ ಕದಲಿಸದೆ ಆಕಾಶಕ್ಕೊಂದು, ನೆಲಕ್ಕೊಂದು ಬೇರೆ ಬೇರೆ ತೆಗೆಯುತ್ತೇವೆ.

ಆಕಾಶದ್ದು ಒಂದೇ ಫೋಟೊ ಆದರೆ ಮರಳು ಎರಚಿದ ಹಾಗೆ ಕಾಣುತ್ತದೆ. ಒಂದರ ಹಿಂದೊಂದು 16 ತೆಗೆದು, ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಸರಾಸರಿ ಮಾಡಿದರೆ ಆ ಮರಳು ಕಾಲು ಭಾಗಕ್ಕೆ ಇಳಿಯುತ್ತದೆ. ಸೀಕ್ವೇಟರ್ ಅನ್ನೋ ಉಚಿತ ತಂತ್ರಾಂಶವೇ ಸಾಕು. ನಾನು ಎಡವಿದ್ದು ಇಲ್ಲೇ. ಮೊದಲ ಫೋಟೊದಲ್ಲಿ ಬಂಡೆಯ ಮರೆಯಲ್ಲಿದ್ದ ನಕ್ಷತ್ರ, ಕೊನೆಯ ಫೋಟೊಗಳಲ್ಲಿ ಮೇಲಕ್ಕೆ ಬಂದಿತ್ತು. ಎಲ್ಲವನ್ನೂ ಮೊದಲನೆಯದಕ್ಕೆ ಹೊಂದಿಸಿದಾಗ ಅದು ಮತ್ತೆ ಕೆಳಗಿಳಿದು ಬಂಡೆಯ ಮೇಲೇ ಕೂತಿತು. ಎಲ್ಲಿವರೆಗೆ ಆಕಾಶ, ಎಲ್ಲಿಂದ ನೆಲ ಅಂತ ಗುರುತು ಮಾಡುವ ಮಾಸ್ಕ್ ಬಿಡಿಸುವಾಗ ನನ್ನ ಬ್ರಷ್ ಬಂಡೆಯ ಅಂಚು ದಾಟಿತ್ತು.

ಅಂಚಿನ ಕೆಲಸವೇ ಕಷ್ಟದ್ದು. ಗಟ್ಟಿಯಾಗಿ ಕತ್ತರಿಸಿದರೆ ಪೇಪರ್ ಅಂಟಿಸಿದ ಹಾಗೆ. ಮೆತ್ತಗೆ ಮಾಡಿದರೆ ಬಂಡೆಗೆ ಬಿಳಿ ಅಂಚು ಕಟ್ಟುತ್ತದೆ. ಇನ್ನೊಂದು, ನೆಲವನ್ನು ಆಕಾಶಕ್ಕಿಂತ ಬೆಳಗಿಸಬೇಡಿ. ಚಂದ್ರನೇ ಇಲ್ಲದ ರಾತ್ರಿ ಬಂಡೆ ಎಲ್ಲಿಂದ ಹೊಳೆಯಬೇಕು, ಅಲ್ವಾ?

ಕೆಲವರು ಬೇರೆ ಊರಿನ ಆಕಾಶ ತಂದು ಹಚ್ಚುತ್ತಾರೆ. ನನಗೆ ಅದು ಸೇರುವುದಿಲ್ಲ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ ನಿಜ. ಹಾಗಂತ ಹಾನ್ಲೆಯ ಆಕಾಶವನ್ನು ಹಂಪಿಯ ಮೇಲೆ ಹೊದಿಸೋದಾ? ಅದೇ ಜಾಗ, ಅದೇ ರಾತ್ರಿ, ಅದೇ ಟ್ರೈಪಾಡ್. ನನ್ನ ಗೆರೆ ಅಷ್ಟು.

ಆ ಫೋಟೊವನ್ನು ಆಮೇಲೆ ಸರಿ ಮಾಡಿದೆ. ಆದರೆ ಗೋಡೆ ಮೇಲಿರುವುದು ಹಳೆಯದೇ, ನಕ್ಷತ್ರ ಸಮೇತ. ಬದಲಾಯಿಸೋಕೆ ತಂಗಿ ಮಗಳು ಬಿಡುತ್ತಿಲ್ಲ. ನಮಸ್ಕಾರ.