ನೇರಳಾತೀತ ಕಿರಣ ಮತ್ತು ನೀಲಿ-ಹಸಿರು ಪಾಚಿ

ಕೇಳುಗರಿಗೆ ನಮಸ್ಕಾರ.

ನಾವು ರೂಢಿಯಲ್ಲಿ ನೀಲಿ-ಹಸಿರು ಪಾಚಿ ಎನ್ನುವ ಸಯನೋಬ್ಯಾಕ್ಟೀರಿಯಾಗಳು ಬಿಸಿಲನ್ನೇ ನಂಬಿ ಬದುಕುತ್ತವೆ. ಆ ಬಿಸಿಲಿನಲ್ಲೇ ನೇರಳಾತೀತ (ಯುವಿ) ಕಿರಣವೂ ಇದೆ. ಇದು ಬೇಕು, ಅದು ಬೇಡ ಎಂದು ಆರಿಸಿಕೊಳ್ಳುವಂತಿಲ್ಲ.

ಹೆಚ್ಚು ಕಾಟ ಕೊಡುವುದು 280ರಿಂದ 315 ನ್ಯಾನೋಮೀಟರ್ ತರಂಗಾಂತರದ ಯುವಿ-ಬಿ. ಓಝೋನ್ ಪದರ ಇದರ ಬಹುಪಾಲನ್ನು ತಡೆಯುತ್ತದೆ, ನಿಜ. ಹಾನಿಗೆ ನುಸುಳಿ ಬಂದಷ್ಟೇ ಸಾಕು. ಡಿಎನ್‌ಎಯಲ್ಲಿ ಥೈಮೀನ್ ಎಂಬ ಘಟಕಗಳು ಅಕ್ಕಪಕ್ಕ ಎರಡಿದ್ದರೆ ಬೆಸೆದುಕೊಳ್ಳುತ್ತವೆ, ನಕಲು ಮಾಡುವ ಕಿಣ್ವ ಅಲ್ಲಿ ಬಂದು ಸಿಕ್ಕಿಬೀಳುತ್ತದೆ. ದ್ಯುತಿಸಂಶ್ಲೇಷಣೆಗೆ ಬೇಕಾದ ಡಿ1 ಪ್ರೋಟೀನ್ ಒಡೆಯುತ್ತದೆ. ಬೆಳಕು ಹಿಡಿಯುವ ಫೈಕೋಸಯಾನಿನ್ ಎಂಬ ನೀಲಿ ವರ್ಣಕ ಮಾಸುತ್ತದೆ. ಫ್ಲಾಸ್ಕಿನಲ್ಲಿ ಬೆಳೆಸಿದ ಪಾಚಿ, ಅಂದರೆ ಕಲ್ಚರ್, ನೀಲಿ ಛಾಯೆ ಕಳೆದುಕೊಂಡು ಹಳದಿಗೆ ತಿರುಗುವುದು ಇದರಿಂದಲೇ.

ಹಾಗಂತ ಜೀವಕೋಶ ಸುಮ್ಮನೆ ಕೂರುವುದಿಲ್ಲ. ಫೋಟೊಲೈಯೇಸ್ ಎಂಬ ಕಿಣ್ವ ನೀಲಿ ಬೆಳಕಿನ ಶಕ್ತಿಯಿಂದ ಥೈಮೀನ್ ಬೆಸುಗೆಯನ್ನು ಬಿಡಿಸುತ್ತದೆ. ಶಿನೊರಿನ್‌ನಂಥ, ಮೈಕೋಸ್ಪೊರಿನ್ ಮಾದರಿಯ ಅಮೈನೋ ಆಮ್ಲಗಳು 334 ನ್ಯಾನೋಮೀಟರ್ ಆಸುಪಾಸಿನ ಕಿರಣವನ್ನು ಹೀರಿಕೊಳ್ಳುತ್ತವೆ. ನಾಸ್ಟಾಕ್‌ನಂಥ ಸಯನೋಬ್ಯಾಕ್ಟೀರಿಯಾಗಳು ತಮ್ಮ ಲೋಳೆ ಕವಚದಲ್ಲಿ ಸೈಟೊನೆಮಿನ್ ಎಂಬ ಹಳದಿ-ಕಂದು ವರ್ಣಕ ತುಂಬಿಕೊಳ್ಳುತ್ತವೆ. ಅದು ಮುಖ್ಯವಾಗಿ ಯುವಿ-ಬಿಗಿಂತ ಉದ್ದ ತರಂಗಾಂತರದ ಯುವಿ-ಎ ಕಿರಣಕ್ಕೆ ಅಡ್ಡ ನಿಲ್ಲುತ್ತದೆ.

ಅಂದರೆ ಹಾನಿ, ದುರಸ್ತಿ ಎರಡೂ ಒಟ್ಟೊಟ್ಟಿಗೇ ನಡೆಯುತ್ತಿರುತ್ತವೆ. ಪ್ರಯೋಗದಲ್ಲಿ ನಮ್ಮ ಕೈಗೆ ಸಿಗುವುದು ಹಾನಿಯಲ್ಲಿ ದುರಸ್ತಿ ಕಳೆದು ಉಳಿದದ್ದು. ಕತ್ತಲ ಕೋಣೆಯಲ್ಲಿ ಬರೀ ಯುವಿ ದೀಪ ಹಚ್ಚಿದರೆ ಫೋಟೊಲೈಯೇಸ್‌ಗೆ ಬೇಕಾದ ಬೆಳಕೇ ಇರುವುದಿಲ್ಲ, ಹಾನಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜೊತೆಗೆ ಬಿಳಿ ದೀಪವೂ ಉರಿಯುತ್ತಿರಲಿ.

ಇನ್ನೊಂದು ತೊಡಕು ದೀಪದ್ದೇ. ಯುವಿ-ಬಿ ದೀಪದಿಂದ ಇನ್ನೂ ಕಿರಿದಾದ ತರಂಗಾಂತರದ ಯುವಿ-ಸಿ ಒಂದಿಷ್ಟು ಕೂಡ ಹೊಮ್ಮುತ್ತದೆ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಅದನ್ನು ತಡೆಯಲು ದೀಪ ಮತ್ತು ಪಾಚಿಯ ನಡುವೆ ಸೆಲ್ಯುಲೋಸ್ ಅಸಿಟೇಟ್ ಹಾಳೆ ಕಟ್ಟಬೇಕು. ಕಿರಣ ತಾಕಿ ತಾಕಿ ಹಾಳೆ ಹಳತಾಗುತ್ತದೆ, ಆಮೇಲೆ ಯುವಿ-ಬಿಯನ್ನೂ ತಡೆಯತೊಡಗುತ್ತದೆ. ಆಗಾಗ ಬದಲಿಸದಿದ್ದರೆ ಪಾಚಿ ಚೇತರಿಸಿಕೊಂಡಿತೆಂದು ಭ್ರಮೆಯಾಗುತ್ತದೆ! ಪ್ಲಾಸ್ಟಿಕ್ ಪೆಟ್ರಿ ತಟ್ಟೆಯ ಮುಚ್ಚಳ ತೆಗೆದಿರಲಿ, ಅದೂ ಯುವಿ-ಬಿಯನ್ನು ತಡೆಯುತ್ತದೆ. ಹೋಲಿಕೆಗೆಂದು ಇಡುವ ತಟ್ಟೆಯೂ ಅದೇ ದೀಪದಡಿ ಇರಲಿ, ಅಸಿಟೇಟ್ ಬದಲು ಯುವಿ-ಬಿಯನ್ನು ತಡೆಯುವ ಪಾಲಿಯೆಸ್ಟರ್ ಹಾಳೆ ಹೊದಿಸಿ. ಆಗ ಎರಡಕ್ಕೂ ಶಾಖ ಒಂದೇ, ಯುವಿ-ಬಿ ಮಾತ್ರ ಬೇರೆ.

ಕಲ್ಚರ್ ದಟ್ಟವಾಗಿದ್ದರೆ ಮೇಲಿನ ಕೋಶಗಳ ನೆರಳಲ್ಲಿ ಕೆಳಗಿನವು ಬಚಾವಾಗುತ್ತವೆ. ತೆಳುವಾಗಿಸಿ, ಕೆಲವೇ ಮಿಲಿಮೀಟರ್ ಆಳಕ್ಕೆ ಸುರಿದು, ನಿಧಾನವಾಗಿ ಕಲಕುತ್ತಿರಿ. ಕಣ್ಣಿಗೆ ಯುವಿ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ದೀಪದ ಹತ್ತಿರ ಹೋಗಬೇಡಿ.

ಡಿ1 ಪ್ರೋಟೀನಿನ ಹಾನಿಯನ್ನು ದುರಸ್ತಿಯಿಂದ ಬೇರ್ಪಡಿಸಿ ನೋಡಬೇಕೇ? ಅರ್ಧ ಮಾದರಿಗೆ ಲಿಂಕೊಮೈಸಿನ್ ಎಂಬ ಪ್ರತಿಜೀವಕ ಹಾಕಿ. ಅದು ಹೊಸ ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತದೆ, ಆ ಅರ್ಧದಲ್ಲಿ ಕಾಣುವುದು ಬರೀ ಹಾನಿ. ಎರಡು ಅರ್ಧಗಳ ನಡುವಿನ ವ್ಯತ್ಯಾಸ ಎಷ್ಟೋ, ದುರಸ್ತಿ ಅಷ್ಟು.