ವಾಪಸು ಬಂದ ಏಜೆನ್ಸಿ ಅರ್ಜಿ

ಕೇಳುಗರಿಗೆ ನಮಸ್ಕಾರ.

ತರಬೇತಿ ಮುಗಿದಿರುತ್ತದೆ. ಪರೀಕ್ಷೆಯೂ ಪಾಸಾಗಿರುತ್ತದೆ. ವಿಮಾ ಏಜೆನ್ಸಿ ತೆಗೆದುಕೊಳ್ಳುತ್ತಿದ್ದೇನೆ ಎಂದು ನೆಂಟರಿಷ್ಟರಿಗೆ ಹೇಳಿಯೂ ಆಗಿರುತ್ತದೆ. ಅಷ್ಟರಲ್ಲಿ ಶಾಖೆಯಿಂದ ಫೋನು: ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಹೆಚ್ಚಿನವರು ಆಗ ಮಾಡುವ ಕೆಲಸ ಒಂದೇ. ಅವೇ ಕಾಗದಗಳಿಗೆ ಇನ್ನೊಂದು ಸುತ್ತು ಜೆರಾಕ್ಸ್ ಮಾಡಿಸಿ, ಹೊಸ ಫಾರಂ ತುಂಬಿ, ಮತ್ತೆ ಕೊಟ್ಟು ಬರುತ್ತಾರೆ. ಅದು ಮತ್ತೆ ವಾಪಸು ಬರುತ್ತದೆ. ತಪ್ಪು ಫಾರಮ್ಮಿನಲ್ಲಿ ಇರುವುದು ಅಪರೂಪ. ಅದು ಫಾರಂ ಹುಟ್ಟುವುದಕ್ಕೆ ಮುಂಚಿನ ಯಾವುದೋ ದಾಖಲೆಯಲ್ಲಿ ಕುಳಿತಿರುತ್ತದೆ. ಅದನ್ನು ಹುಡುಕುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲು, ತಿರಸ್ಕರಿಸಿದವರು ಯಾರು? ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವೇ ಏಜೆಂಟರಿಗೆ ಲೈಸೆನ್ಸ್ ಕೊಡುತ್ತದೆ ಎಂದು ಇನ್ನೂ ಅನೇಕರು ತಿಳಿದಿದ್ದಾರೆ. ಅದು ಹಳೆಯ ಕಾಲ. 2015ರ ವಿಮಾ ಕಾನೂನು ತಿದ್ದುಪಡಿಯ ನಂತರ ಏಜೆಂಟರನ್ನು ನೇಮಿಸುವ ಹೊಣೆ ಕಂಪನಿಯದೇ ಆಯಿತು. ಅದಕ್ಕೆ ಬೇಕಾದ ನಿಯಮಾವಳಿ 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನೀವು ತುಂಬುವ ಐ-ಎ ನಮೂನೆಯ ಅರ್ಜಿಯನ್ನು ನೋಡುವವರು ಕಂಪನಿಯೇ ಗೊತ್ತುಪಡಿಸಿದ ಒಬ್ಬ ಅಧಿಕಾರಿ. ಆದ್ದರಿಂದ ಹೈದರಾಬಾದಿನಲ್ಲಿರುವ ಪ್ರಾಧಿಕಾರಕ್ಕೆ ಮೊದಲ ದಿನವೇ ದೂರು ಬರೆದು ಕೂರುವುದು ವ್ಯರ್ಥ. ನಿಮ್ಮ ಕಾಗದ ಅಲ್ಲಿಗೆ ಹೋಗಿಯೇ ಇಲ್ಲ.

ಆ ಅಧಿಕಾರಿ ಅರ್ಜಿಯನ್ನು ನಿರಾಕರಿಸಿದರೆ, ಅರ್ಜಿ ತಲುಪಿದ 21 ದಿನಗಳೊಳಗೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಬರಹದಲ್ಲಿ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮನ್ನು ಸೇರಿಸಿದ ಡೆವಲಪ್‌ಮೆಂಟ್ ಆಫೀಸರ್ ದಾರಿಯಲ್ಲಿ ಸಿಕ್ಕಾಗ, ಏನೋ ಪ್ಯಾನ್ ಕಾರ್ಡಿನ ತೊಂದರೆಯಂತೆ ಎಂದು ಹೇಳಿದ್ದು ಕಾರಣವಲ್ಲ, ಸುದ್ದಿ. ಹೆಸರು ಹೊಂದುವುದಿಲ್ಲವೋ, ಜನ್ಮದಿನಾಂಕವೋ, ಆ ಪ್ಯಾನ್ ಬೇರೆ ಕಂಪನಿಯಲ್ಲಿ ದಾಖಲಾಗಿದೆಯೋ? ಮೂರಕ್ಕೂ ಮದ್ದು ಬೇರೆ ಬೇರೆ. ಪತ್ರವೋ ಇಮೇಲೋ ಕೈಗೆ ಬರುವ ತನಕ ಯಾವ ತಿದ್ದುಪಡಿಗೂ ಹಣ ಕಟ್ಟಬೇಡಿ.

ಇನ್ನು ನಮ್ಮ ಹೆಸರುಗಳ ಸಂಗತಿ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಕರ್ನಾಟಕದ ಅರ್ಜಿಗಳು ಎಡವುವುದು ಇಲ್ಲಿಯೇ.

ಹಳೆ ಮೈಸೂರಿನ ಕಡೆ ಒಬ್ಬ ಮಂಜುನಾಥ ಇದ್ದಾನೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನು ಮಂಜುನಾಥ ಕೆ. ಎಸ್. ಪ್ಯಾನ್ ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಲೇಬೇಕು. ಹಾಗಾಗಿ ಪ್ಯಾನ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ಮಂಜುನಾಥ. ಆಧಾರ್ ಮಾಡಿಸಿದ ದಿನ ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗ ಕೇಳಿದ್ದು ಹೆಸರೇನು ಎಂದು, ಇವನು ಹೇಳಿದ್ದು ಮಂಜುನಾಥ ಎಂದು. ಅಲ್ಲಿ ಅಷ್ಟೇ ಇದೆ. ಮೂರು ದಾಖಲೆಗಳಲ್ಲಿ ಮೂವರು ಮಂಜುನಾಥರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುವುದರಿಂದ ಈ ಕಷ್ಟ ಕಡಿಮೆ, ಆದರೆ ಅಡ್ಡಹೆಸರು ಮೊದಲೋ ಕೊನೆಯೋ ಎಂಬ ಗೊಂದಲ ಇದ್ದೇ ಇದೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಎಕ್ಸ್. ಹನುಮಂತಪ್ಪನಲ್ಲಿ ಟಿ ಮುಂದೆ ಎಚ್ ಇದೆಯೋ ಇಲ್ಲವೋ. ಹೆಣ್ಣುಮಕ್ಕಳಿಗಂತೂ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಮದುವೆಯ ನಂತರದ ಆಧಾರ್‌ನಲ್ಲಿ ಗಂಡನ ಹೆಸರು.

ಜನ್ಮದಿನಾಂಕದ ಕಥೆ ಇನ್ನೂ ಸ್ವಾರಸ್ಯವಾದದ್ದು. ನಲವತ್ತು ದಾಟಿದವರ ಅಂಕಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿ, ಅರ್ಧ ಊರು ಜೂನ್ 1ರಂದೇ ಹುಟ್ಟಿದ ಹಾಗೆ ಕಾಣುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಲೆಕ್ಕ ಹಾಕಿ ಬರೆದುಕೊಂಡ ತಾರೀಕು ಅದು. ಅದೇ ಜನ ಆಧಾರ್ ಕೇಂದ್ರದಲ್ಲಿ ವಯಸ್ಸು ಮಾತ್ರ ಹೇಳಿದ್ದರಿಂದ ಅಲ್ಲಿ ಜನವರಿ 1 ಬಂದು ಕೂತಿದೆ. ಮನೆಯವರಿಗೆ ನೆನಪಿರುವುದು ದೀಪಾವಳಿಯ ಅಮಾವಾಸ್ಯೆ. ಅದು ನಿಜವೇ ಇರಬಹುದು, ಕಂಪ್ಯೂಟರಿಗೆ ಬೇಡ.

ಇಂಥ ಕಡೆ ಜನ ಮೊದಲು ಓಡುವುದು ನೋಟರಿಯ ಹತ್ತಿರ. ಎರಡೂ ಹೆಸರು ನನ್ನದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ, ಸೀಲು ಹಾಕಿಸಿ ತರುತ್ತಾರೆ. ಅಂಕಪಟ್ಟಿಯ ಇನಿಷಿಯಲ್‌ನಂಥ ಸಣ್ಣ ವ್ಯತ್ಯಾಸಕ್ಕೆ, ಕಾಗದವನ್ನು ಕಣ್ಣಿನಿಂದ ಓದುವ ಅಧಿಕಾರಿಯ ಮುಂದೆ ಅದು ಕೆಲಸಕ್ಕೆ ಬರುತ್ತದೆ. ಪ್ಯಾನ್ ಮತ್ತು ಆಧಾರ್ ತಾಳೆ ನೋಡುವುದು ಯಂತ್ರ. ಅದು ನೋಟರಿಯ ಸೀಲನ್ನು ಓದುವುದಿಲ್ಲ.

ಆದ್ದರಿಂದ ತಿದ್ದುವುದಕ್ಕೆ ಒಂದು ಕ್ರಮವಿದೆ. ಎಲ್ಲಕ್ಕಿಂತ ಕಷ್ಟದ್ದು ಅಂಕಪಟ್ಟಿ. ಅದರ ಜನ್ಮದಿನಾಂಕಕ್ಕೆ ಕೈಹಾಕಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಹಾಗಾಗಿ ಅದನ್ನು ಅಲುಗಾಡಿಸದೆ ಉಳಿದ ದಾಖಲೆಗಳನ್ನು ಅದರ ಕಡೆಗೆ ಎಳೆದು ತರುವುದು ಜಾಣತನ. ಮೊದಲು ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ, ಕಟ್ಟಕಡೆಗೆ ಏಜೆನ್ಸಿ ಅರ್ಜಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಸಾಮಾನ್ಯವಾಗಿ ಅವಕಾಶ. ಅವಸರದಲ್ಲಿ ಯಾವುದೋ ಕಾಗುಣಿತಕ್ಕೆ ಆ ಅವಕಾಶವನ್ನು ಖರ್ಚು ಮಾಡಬೇಡಿ. ಕೇಂದ್ರಕ್ಕೆ ಹೋಗುವ ಮೊದಲು, ನಿಮ್ಮ ಹೆಸರನ್ನು ಇನ್ನು ಮುಂದೆ ಎಲ್ಲ ಕಡೆ ಬರೆಯುವ ರೀತಿಯಲ್ಲಿ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಚೀಟಿಯಲ್ಲಿ ಬರೆದು ಒಯ್ಯಿರಿ. ಬಾಯಲ್ಲಿ ಹೇಳಬೇಡಿ. ಇನಿಷಿಯಲ್ ಬಿಡಿಸಿದ ಪೂರ್ಣ ಹೆಸರಾದರೆ ಪ್ಯಾನ್‌ಗೂ ಹೊಂದುತ್ತದೆ. ಪ್ಯಾನನ್ನು ಆಧಾರ್‌ಗೆ ಜೋಡಿಸದೆ ಬಿಟ್ಟವರಲ್ಲಿ ಬಹುಪಾಲು ಜನರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥ ಪ್ಯಾನ್ ಹಿಡಿದು ಹೋದರೆ ಹೆಸರು ಅಕ್ಷರ ಅಕ್ಷರ ಕೂಡಿದ್ದರೂ ಪ್ರಯೋಜನವಿಲ್ಲ.

ಬ್ಯಾಂಕಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಕಮಿಷನ್ ಜಮಾ ಆಗುವ ಖಾತೆಗೆ ಹಳೆಯ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸುವವರು ಈಗಲೂ ಇದ್ದಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಐಎಫ್‌ಎಸ್‌ಸಿ ಸಂಕೇತಗಳೂ ಬದಲಾದವು. ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ.

ಈಗ ಮೂರನೆಯ ಕಾರಣ: ನಿಮ್ಮ ಪ್ಯಾನ್ ಈಗಾಗಲೇ ದಾಖಲಾಗಿದೆ. ಇದನ್ನು ಕೇಳಿದವರು ಗಾಬರಿಯಾಗುತ್ತಾರೆ, ಯಾರೋ ಮೋಸ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ನಡೆದಿರುವುದು ಇಷ್ಟು. ಎಷ್ಟೋ ವರ್ಷಗಳ ಹಿಂದೆ ಪರಿಚಯದವರೊಬ್ಬರ ಒತ್ತಾಯಕ್ಕೆ ಯಾವುದೋ ಕಂಪನಿಯ ಏಜೆನ್ಸಿ ತೆಗೆದುಕೊಂಡು, ಮನೆಯವರದೇ ಒಂದೆರಡು ಪಾಲಿಸಿ ಮಾಡಿಸಿ, ಮರೆತುಬಿಟ್ಟಿರುತ್ತಾರೆ. ಪ್ರಾಧಿಕಾರದ ಕೇಂದ್ರೀಯ ಪಟ್ಟಿ ಮರೆತಿರುವುದಿಲ್ಲ. ಒಬ್ಬ ವ್ಯಕ್ತಿ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ, ಹೀಗೆ ಒಂದೊಂದು ಬಗೆಯಲ್ಲಿ ಒಂದಕ್ಕೆ ಮಾತ್ರ ಏಜೆಂಟನಾಗಬಹುದು. ಎರಡನೆಯ ಜೀವ ವಿಮಾ ಕಂಪನಿ ನಿಮ್ಮ ಪ್ಯಾನನ್ನು ಆ ಪಟ್ಟಿಯಲ್ಲಿ ನೋಡಿದ ಕೂಡಲೇ ನಿಲ್ಲಿಸಲೇಬೇಕು.

ಇದಕ್ಕೆ ಫಾರಂ ತಿದ್ದಿ ಉಪಯೋಗವಿಲ್ಲ. ಹಳೆಯ ಕಂಪನಿಗೆ ಹೋಗಿ ನೇಮಕಾತಿ ಪತ್ರವನ್ನೂ ಗುರುತಿನ ಚೀಟಿಯನ್ನೂ ಒಪ್ಪಿಸಿ, ಏಜೆನ್ಸಿ ಬಿಟ್ಟುಕೊಟ್ಟಿದ್ದಕ್ಕೆ ಐ-ಸಿ ನಮೂನೆಯ ಪ್ರಮಾಣಪತ್ರ ಕೇಳಬೇಕು. ಅದನ್ನು ಅವರು 15 ದಿನಗಳಲ್ಲಿ ಕೊಡಬೇಕು. ಆ ಪತ್ರದ ದಿನಾಂಕದಿಂದ 90 ದಿನ ಕಳೆದ ಮೇಲೆಯೇ ಹೊಸ ಕಂಪನಿ ನಿಮ್ಮ ಅರ್ಜಿಯನ್ನು ಪರಿಗಣಿಸಬಹುದು. ಮೂರು ತಿಂಗಳು ಸುಮ್ಮನೆ ಕೂರಬೇಕೇ ಎಂದು ಬೇಸರಪಡುವವರು ಎಂಬತ್ತನೆಯ ದಿನವೇ ಅರ್ಜಿ ಕೊಟ್ಟು ಇನ್ನೊಂದು ತಿರಸ್ಕಾರವನ್ನು ಸಂಪಾದಿಸುತ್ತಾರೆ.

ಗ್ರಾಮೀಣ ಹೆಣ್ಣುಮಕ್ಕಳು ಈಗ ಹೆಚ್ಚಾಗಿ ಕೇಳುವುದು ಎಲ್‌ಐಸಿಯ ಮಹಿಳೆಯರನ್ನು ಏಜೆಂಟರಾಗಿ ಸೇರಿಸಿಕೊಳ್ಳುವ ಬಿಮಾ ಸಖಿ ಯೋಜನೆಯನ್ನು. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಪ್ರಾರಂಭವಾದದ್ದು. ಹತ್ತನೆಯ ತರಗತಿ ಪಾಸಾಗಿ 18ರಿಂದ 70 ವಯಸ್ಸಿನೊಳಗೆ ಇದ್ದರೆ ಅರ್ಜಿ ಹಾಕಬಹುದು, ಮೊದಲ ವರ್ಷ ನಿಗದಿತ ವ್ಯವಹಾರ ಮಾಡಿದರೆ ತಿಂಗಳಿಗೆ 7000 ರೂಪಾಯಿ ಸ್ಟೈಪೆಂಡ್. ಆದರೆ ಈಗಾಗಲೇ ಎಲ್‌ಐಸಿ ಏಜೆಂಟರಾಗಿರುವವರ ಅಥವಾ ಅದರ ನೌಕರರ ಹತ್ತಿರದ ಸಂಬಂಧಿಗೆ ಇದು ಸಿಗುವುದಿಲ್ಲ. ಗಂಡ ಏಜೆಂಟನಾಗಿದ್ದರೆ ಹೆಂಡತಿಯ ಅರ್ಜಿಯನ್ನು ಯಾವ ತಿದ್ದುಪಡಿಯೂ ಉಳಿಸದು. ಸಂಬಂಧವನ್ನು ಮುಚ್ಚಿಟ್ಟು ಮತ್ತೆ ಅರ್ಜಿ ಹಾಕಿ ಎನ್ನುವ ಸಲಹೆಗಾರರು ಊರಿಗೊಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ.

ಮುಚ್ಚಿಡುವ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಅರ್ಜಿಯಲ್ಲಿ ನಿಮ್ಮ ಮೇಲೆ ವಂಚನೆ, ನಂಬಿಕೆದ್ರೋಹ, ಖೋಟಾ ದಾಖಲೆಯಂಥ ಅಪರಾಧ ಸಾಬೀತಾಗಿದೆಯೇ ಎಂಬ ಪ್ರಶ್ನೆ ಇದೆ. ಈ ಅಂಕಣವನ್ನು ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ. ಸುಳ್ಳು ಬರೆದರೆ ಇಂದು ನೇಮಕವಾದರೂ ಗೊತ್ತಾದ ದಿನ ಹೋಗುತ್ತದೆ. ವಿಮಾ ಕಾಯಿದೆಯ 42ನೇ ಸೆಕ್ಷನ್ ಹೇಳುವುದು ನ್ಯಾಯಾಲಯ ತಪ್ಪಿತಸ್ಥ ಎಂದು ತೀರ್ಮಾನಿಸಿದವರ ಬಗ್ಗೆ. ಹೊಲದ ಬದುವಿನ ಜಗಳಕ್ಕೆ ಅಣ್ಣತಮ್ಮಂದಿರ ನಡುವೆ ಇರುವ ಸಿವಿಲ್ ದಾವೆ ಆ ಸಾಲಿಗೆ ಸೇರುವುದಿಲ್ಲ.

ಇಷ್ಟೆಲ್ಲ ತಿದ್ದುವಾಗ ಒಂದು ಗಡಿಯಾರ ನಡೆಯುತ್ತಲೇ ಇರುತ್ತದೆ. ಏಜೆನ್ಸಿ ಪರೀಕ್ಷೆ ಪಾಸಾದ ಪ್ರಮಾಣಪತ್ರ ಮೊದಲ ನೇಮಕಕ್ಕೆ 12 ತಿಂಗಳು ಮಾತ್ರ ಚಾಲ್ತಿ. ಆಧಾರ್ ತಿದ್ದುಪಡಿ, ಅದಾದ ಮೇಲೆ ಪ್ಯಾನ್, ಹಳೆಯ ಏಜೆನ್ಸಿ ಇದ್ದರೆ 90 ದಿನ, ಎಲ್ಲ ಕೂಡಿದರೆ ಅರ್ಧ ವರ್ಷ ಸಲೀಸಾಗಿ ಹೋಗುತ್ತದೆ. ಪರೀಕ್ಷೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಇನ್ನೂ ಪರೀಕ್ಷೆಗೆ ಹೆಸರು ಕೊಡದವರು ದಾಖಲೆಗಳನ್ನು ಮೊದಲು ಸರಿಮಾಡಿಕೊಂಡು ಆಮೇಲೆ ಪರೀಕ್ಷೆಗೆ ಕೂತರೆ ಅರ್ಧ ತಲೆನೋವು ಇಲ್ಲ. ನನ್ನ ಮಟ್ಟಿಗೆ ತರಬೇತಿಯ ಮೊದಲ ಪಾಠವೇ ಇದಾಗಬೇಕಿತ್ತು.

ಮರು ಅರ್ಜಿ ಕೊಡುವಾಗ ಅದರ ಮೇಲೆ ಒಂದು ಪುಟದ ಪತ್ರವಿರಲಿ. ಹಿಂದಿನ ಅರ್ಜಿಯ ದಿನಾಂಕ, ಅವರು ಕೊಟ್ಟ ಕಾರಣ ಅವರದೇ ಮಾತಿನಲ್ಲಿ, ಈಗ ಏನು ಬದಲಾಗಿದೆ, ಅದಕ್ಕೆ ಯಾವ ದಾಖಲೆ ಲಗತ್ತಿಸಿದೆ, ಇಷ್ಟು ಸಾಕು. ನಿಮ್ಮ ಬಡತನ, ಮನೆಯ ಕಷ್ಟ, ಅಧಿಕಾರಿಯ ಗುಣಗಾನ ಬೇಡ. ಹಳೆಯ ಆಧಾರ್ ಪ್ರತಿ ಹೊಸ ಕಡತದೊಳಗೆ ಉಳಿದಿಲ್ಲವೆಂದು ನೋಡಿಕೊಳ್ಳಿ. ಹೊಸದರ ಜೊತೆ ಹಳೆಯದೂ ಸೇರಿಕೊಂಡು ಅದೇ ವ್ಯತ್ಯಾಸ ಮತ್ತೆ ಕಣ್ಣಿಗೆ ಬೀಳುವುದು ಆಗಾಗ ನಡೆಯುತ್ತದೆ. ಒಂದು ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ದಾಖಲೆಗಳೆಲ್ಲ ಸರಿಯಾಗಿದ್ದರೆ 15 ದಿನಗಳಲ್ಲಿ ನೇಮಕ ಆಗಬೇಕು.

ಕಾರಣವೇ ತಪ್ಪು ಎನಿಸಿದರೆ, ಉದಾಹರಣೆಗೆ ಎಂದೂ ತೆಗೆದುಕೊಳ್ಳದ ಏಜೆನ್ಸಿ ನಿಮ್ಮ ಹೆಸರಿನಲ್ಲಿದೆ ಎಂದಿದ್ದರೆ, ಮರು ಅರ್ಜಿ ಹಾಕಬೇಡಿ. ಹಾಕಿದರೆ ಅವರ ಕಾರಣವನ್ನು ಒಪ್ಪಿದ ಹಾಗೆ ಕಾಣುತ್ತದೆ. ಕಂಪನಿಯಲ್ಲೇ ಒಬ್ಬ ಮೇಲ್ಮನವಿ ಅಧಿಕಾರಿ ಇರಬೇಕೆಂದು ನಿಯಮವಿದೆ. ಅವರಿಗೆ ಪುನರ್ವಿಮರ್ಶೆ ಕೋರಿ ಬರೆದರೆ 15 ದಿನಗಳಲ್ಲಿ ಅಂತಿಮ ತೀರ್ಮಾನವನ್ನು ಬರಹದಲ್ಲಿ ತಿಳಿಸಬೇಕು. ಈ ದಾರಿ ಇದೆಯೆಂದು ಶಾಖೆಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಮ್ಯೂಚುವಲ್ ಫಂಡ್ ವಿತರಕರಾಗಲು ಹೊರಟವರಿಗೂ ಹೆಸರಿನ ಗೋಳು ತಪ್ಪಿದ್ದಲ್ಲ. ಅವರು ಬರೆಯುವ ರಾಷ್ಟ್ರೀಯ ಷೇರು ಮಾರುಕಟ್ಟೆ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಎಸ್‌ಎಂ, ನಡೆಸುವ ಪರೀಕ್ಷೆಯ ಪ್ರಮಾಣಪತ್ರ ಮೂರು ವರ್ಷ ಚಾಲ್ತಿ. ಅವಧಿ ಮುಗಿಯುವ ಮುಂಚೆಯೇ ಮುಂದುವರಿಕೆ ತರಬೇತಿ ಪಡೆದರೆ ಪರೀಕ್ಷೆ ತಪ್ಪುತ್ತದೆ. ಒಂದು ದಿನ ತಡವಾದರೂ ಮತ್ತೆ ಪರೀಕ್ಷೆ ಬರೆಯಬೇಕು. ಅಲ್ಲಿಯೂ ಪ್ಯಾನ್‌ನಲ್ಲಿರುವ ಹೆಸರೇ ಆಧಾರ.

ಅರ್ಜಿ ನಿಂತಿರುವ ಈ ತಿಂಗಳುಗಳಲ್ಲಿ ಒಂದು ಆಮಿಷ ಬರುತ್ತದೆ. ಗಿರಾಕಿ ಸಿದ್ಧನಿದ್ದಾನೆ, ಏಜೆಂಟರಿಗೆ ಕಂಪನಿ ಕೊಡುವ ಸಂಖ್ಯೆ, ಅಂದರೆ ನಿಮ್ಮ ಕೋಡ್, ಇನ್ನೂ ಬಂದಿಲ್ಲ, ಸದ್ಯಕ್ಕೆ ಇನ್ನೊಬ್ಬರ ಕೋಡಿನಲ್ಲಿ ಹಾಕಿ, ಕಮಿಷನ್ ಆಮೇಲೆ ಹಂಚಿಕೊಳ್ಳೋಣ ಎನ್ನುತ್ತಾರೆ. ನೇಮಕವಿಲ್ಲದೆ ಏಜೆಂಟನ ಕೆಲಸ ಮಾಡಿದವನಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಎಂದು ಕಾನೂನು ಬರೆದಿಟ್ಟಿದೆ. ದಂಡಕ್ಕಿಂತ ನನಗೆ ಚಿಂತೆ ಹುಟ್ಟಿಸುವುದು ಗಿರಾಕಿ ಪಾಲಿಸಿಗೆ ತುಂಬುವ ಅರ್ಜಿಯ ಜೊತೆ ಹೋಗುವ ಏಜೆಂಟರ ಗೋಪ್ಯ ವರದಿ. ಗಿರಾಕಿಯನ್ನು ನಾನು ಕಂಡಿದ್ದೇನೆ, ಅವರ ಆರೋಗ್ಯ ನನಗೆ ಗೊತ್ತು ಎಂದು ಅದಕ್ಕೆ ಸಹಿ ಹಾಕುವವರು ಆ ಮನೆಯ ಬಾಗಿಲನ್ನೂ ನೋಡಿರುವುದಿಲ್ಲ. ಪಾಲಿಸಿ ಮಾಡಿದ ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ವಿಮಾ ಕಾಯಿದೆಯ 45ನೇ ಸೆಕ್ಷನ್ ಪ್ರಕಾರ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದು. ಆಗ ತನಿಖೆಗೆ ಬಂದವರು ಮೊದಲು ತೆಗೆದು ಓದುವ ಹಾಳೆಗಳಲ್ಲಿ ಆ ವರದಿಯೂ ಒಂದು. ಅದರ ಬಗ್ಗೆ ಉತ್ತರಿಸಬೇಕಾದವರು ಗಂಡನನ್ನು ಕಳೆದುಕೊಂಡ ಹೆಂಗಸು ಮತ್ತು ಆಕೆಯನ್ನು ಎಂದೂ ಕಾಣದ ಒಬ್ಬ ಏಜೆಂಟ್. ಕೋಡ್ ಬರುವ ತನಕ ಗಿರಾಕಿಗೆ ಕಾಯಲು ಹೇಳಿ. ಕಾಯಲಾರೆ ಎಂದರೆ ಕೋಡ್ ಇರುವ ಏಜೆಂಟರನ್ನು ಪರಿಚಯಿಸಿ, ಅವರೇ ಆ ಮನೆಗೆ ಹೋಗಿ ಅರ್ಜಿ ತುಂಬಿಸಲಿ.

ನಮಸ್ಕಾರ.