ರೇಸಿಂಗ್ ಡ್ರೋನ್: ಮೊದಲು ರಿಪೇರಿ ಕಲಿಯೋಣ

ಎಲ್ಲರಿಗೂ ನಮಸ್ಕಾರ. ಹಿರಿಯರಿದ್ದೀರಿ, ಮಕ್ಕಳ ಜೊತೆ ಬಂದ ಅಪ್ಪ ಅಮ್ಮಂದಿರಿದ್ದೀರಿ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ತುಂಬ ಸಂತೋಷ.

ಡ್ರೋನ್ ಅಂದ ಕೂಡಲೇ ನೆನಪಾಗುವುದು ಮದುವೆಮನೆಯ ಡ್ರೋನ್. ಅದು ಮೇಲೆ ಹೋಗಿ ಸುಮ್ನೆ ನಿಲ್ಲುತ್ತದೆ. ರಿಮೋಟಿನಿಂದ ಕೈ ತೆಗೆದರೂ ಅಲ್ಲೇ ಇರುತ್ತದೆ. ರೇಸಿಂಗ್ ಡ್ರೋನ್ ಹಾಗಲ್ಲ. ಇದರಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ, ತಾನಾಗಿ ಸಮತಟ್ಟಾಗುವ ಅಭ್ಯಾಸವೂ ಇಲ್ಲ. ಸ್ಟಿಕ್ ತಳ್ಳಿದರೆ ವಾಲುತ್ತದೆ, ಬಿಟ್ಟರೆ ವಾಲಿದ ಹಾಗೆಯೇ ಮುಂದೆ ಹೋಗುತ್ತಿರುತ್ತದೆ. ನೆಟ್ಟಗೆ ಮಾಡಬೇಕಾದವರು ನೀವೇ. ಐದಿಂಚಿನ ಪ್ರೊಪೆಲ್ಲರ್ ಇರುವ ಮಾದರಿಯೇ ರೇಸಿಗೆ ಜಾಸ್ತಿ ಬಳಕೆ. ಬ್ಯಾಟರಿ ಸೇರಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ. ನಾಲ್ಕು ಮೋಟಾರು ಒಟ್ಟಿಗೆ ಜೋರು ಹಿಡಿದರೆ ಐದಾರು ಕಿಲೋ ಎತ್ತುವಷ್ಟು ಬಲ. ಗಂಟೆಗೆ 100 ಕಿಲೋಮೀಟರ್ ದಾಟುವುದು ಅದಕ್ಕೆ ಕಷ್ಟವೇ ಅಲ್ಲ. ಮೂಗಿನಲ್ಲಿರುವ ಚಿಕ್ಕ ಕ್ಯಾಮೆರಾ ನೋಡಿದ್ದು ಹಾರಿಸುವವನ ಕಣ್ಣಿಗೆ ಕಟ್ಟಿದ ಗಾಗಲ್‌ನಲ್ಲಿ ಕಾಣುತ್ತದೆ. ಒಂದು ಬ್ಯಾಟರಿಗೆ ಎರಡು ಮೂರು ನಿಮಿಷದ ಆಟ.

ಇಂಥದ್ದು ಬೀಳದೆ ಇರುತ್ತದಾ? ಬೀಳುತ್ತದೆ. ಚೆನ್ನಾಗಿ ಹಾರಿಸುವವರದ್ದೂ ಬೀಳುತ್ತದೆ. ಬಿಡಿಭಾಗ ಬೇಕೆಂದರೆ ನಮ್ಮ ಕಡೆ ಕೊರಿಯರ್ ಬರುವ ತನಕ ಕಾಯಬೇಕು. ಹಾಗಾಗಿ ಇವತ್ತು ನಾನು ಒತ್ತಿ ಹೇಳುವುದು ಒಂದೇ ಮಾತು: ಹಾರಿಸುವುದನ್ನು ಆಮೇಲೆ ಕಲಿಯೋಣ, ಮೊದಲು ಕಟ್ಟುವುದು, ಬಿಚ್ಚುವುದು, ರಿಪೇರಿ ಮಾಡುವುದು ಕಲಿಯೋಣ. ರಿಪೇರಿ ಗೊತ್ತಿರುವ ಹುಡುಗ ಹುಡುಗಿಯರು ವರ್ಷಗಟ್ಟಲೆ ಹಾರಿಸುತ್ತಾರೆ. ಗೊತ್ತಿಲ್ಲದವರ ಡ್ರೋನ್ ಎರಡನೇ ತಿಂಗಳಿಗೆ ಅಟ್ಟ ಸೇರುತ್ತದೆ.

ಫ್ರೇಮಿನಿಂದ ಶುರು ಮಾಡುತ್ತೇನೆ. ಇದು ಕಾರ್ಬನ್ ಫೈಬರ್. ಈ ಸಾಮಾನು ನಿಮಗೆ ಹೊಸದಲ್ಲ. ಅಡಿಕೆ ಕೊಯ್ಯಲು, ಕೊಳೆರೋಗಕ್ಕೆ ಮದ್ದು ಬಿಡಲು ಈಗ ತೋಟಗಳಿಗೆ ಬಂದಿರುವ ದೋಟಿ ಇದೆಯಲ್ಲ, ಅದೂ ಕಾರ್ಬನ್ ಫೈಬರೇ. ಹಗುರ, ಬಾಗುವುದು ಕಡಿಮೆ, ಗಟ್ಟಿ. ಆದರೆ ದೋಟಿ ಹಿಡಿಯುವವರಿಗೆಲ್ಲ ಒಂದು ಎಚ್ಚರಿಕೆ ಹೇಳಿರುತ್ತಾರೆ, ಕರೆಂಟಿನ ತಂತಿ ಹತ್ತಿರ ಬೇಡ ಅಂತ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಡ್ರೋನ್‌ನಲ್ಲೂ ಅದೇ ಅಪಾಯ, ಚಿಕ್ಕ ಪ್ರಮಾಣದಲ್ಲಿ. ಬ್ಯಾಟರಿ ತಂತಿಯ ಹೊದಿಕೆ ಫ್ರೇಮಿನ ಚೂಪು ಅಂಚಿಗೆ ಉಜ್ಜಿ ಸವೆದರೆ ಸಾಕು, ಬೋರ್ಡು ಸುಟ್ಟುಹೋಗುತ್ತದೆ. ಅದಕ್ಕೇ ಅಂಚುಗಳನ್ನು ಮರಳು ಕಾಗದದಿಂದ ನಯ ಮಾಡಬೇಕು. ಉಜ್ಜುವಾಗ ನೀರು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ. ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ನಯ ಮಾಡಿದ ಅಂಚಿಗೆ ತೆಳ್ಳಗೆ ಸೂಪರ್ ಗ್ಲೂ ಹಚ್ಚಿದರೆ ಬಿದ್ದಾಗ ಪದರ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ.

ಮೋಟಾರು ಕೂರಿಸುವಾಗ ಸ್ಕ್ರೂವಿನ ಉದ್ದ ನೋಡಿ. ಫ್ರೇಮಿನ ಐದು ಮಿಲಿಮೀಟರ್ ದಪ್ಪದ ತೋಳಿಗೆ ಎಂಟು ಮಿಲಿಮೀಟರಿನ ಸ್ಕ್ರೂ ಸರಿ. ಮೋಟಾರಿನ ಒಳಗೆ ಮೂರು ಮಿಲಿಮೀಟರ್ ಹೋಗುತ್ತದೆ, ಅಷ್ಟು ಸಾಕು. ಬಿಗಿಯಾಗಲಿ ಎಂದು ಉದ್ದದ ಸ್ಕ್ರೂ ಹಾಕಿದರೆ ಅದರ ತುದಿ ಒಳಗಿನ ತಾಮ್ರದ ಸುರುಳಿಗೆ ತಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸ್ಕ್ರೂವಿನ ತಲೆಗೆ ಮಲ್ಟಿಮೀಟರಿನ ಒಂದು ಕಡ್ಡಿ, ಮೋಟಾರಿನ ತಂತಿಗೆ ಇನ್ನೊಂದು ಕಡ್ಡಿ ಹಿಡಿದು ನೋಡಿ. ಬೀಪ್ ಬರಬಾರದು.

ಇನ್ನು ಬೆಸುಗೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಸಣ್ಣ ತಂತಿಗಳ ಬೆಸುಗೆ ಬೇಗ ಬರುತ್ತದೆ. ಬ್ಯಾಟರಿಯ ದಪ್ಪ ತಂತಿ ಮಾತ್ರ ಕೈ ಕೊಡುತ್ತದೆ. ಆ ತಂತಿ, ಅದು ಕೂರುವ ಬೋರ್ಡಿನ ಲೋಹದ ಪ್ಯಾಡ್ ಎರಡೂ ಬಿಸಿಯನ್ನು ಹೀರಿಕೊಳ್ಳುತ್ತವೆ. ಸಪೂರ ತುದಿಯ ಐರನ್ ಹಿಡಿದು ಎಷ್ಟು ಹೊತ್ತು ಕಾದರೂ ಸೀಸ ಕರಗಿ ಹರಿಯುವುದಿಲ್ಲ, ಉಂಡೆ ಕಟ್ಟುತ್ತದೆ. ಅಗಲ ತುದಿ ಹಾಕಿ, ಸೀಸ ಚೆನ್ನಾಗಿ ಹರಿದು ಹಿಡಿಯಲು ಬಳಸುವ ಫ್ಲಕ್ಸ್ ಧಾರಾಳವಾಗಿ ಹಚ್ಚಿ. ಪ್ಯಾಡಿಗೂ ತಂತಿಗೂ ಬೇರೆ ಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಎರಡನ್ನೂ ಸೇರಿಸಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಅಂಚಿನವರೆಗೆ ಹರಡಿರುತ್ತದೆ. ಅದೇ ಪ್ಯಾಡುಗಳ ಮೇಲೆ ಒಂದು ಕೆಪಾಸಿಟರ್ ಕೂಡ ಬೆಸೆಯಬೇಕು. ಮೋಟಾರುಗಳು ಒಮ್ಮೆಲೇ ವೇಗ ಬದಲಿಸುವಾಗ ಏಳುವ ವೋಲ್ಟೇಜಿನ ಏರಿಳಿತವನ್ನು ಅದು ಹಿಡಿದುಕೊಳ್ಳುತ್ತದೆ.

ಮೊದಲ ಸಲ ಬ್ಯಾಟರಿ ಜೋಡಿಸುವ ಮೊದಲು ಒಂದು ಕೆಲಸ ಇದೆ. ಲಾರಿಯ 24 ವೋಲ್ಟ್ ಇಂಡಿಕೇಟರ್ ಬಲ್ಬು ತನ್ನಿ, ಯಾವ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿಗೂ ಡ್ರೋನ್‌ಗೂ ನಡುವೆ ಹಾಕಲು ಬೇರೆಯೇ ಒಂದು ಜೋಡಿ ತಂತಿ ಮಾಡಿಕೊಂಡು, ಅದರಲ್ಲಿ ಒಂದನ್ನು ಕತ್ತರಿಸಿ ಆ ಬಲ್ಬನ್ನು ಸೇರಿಸಿ. ಎಲ್ಲ ಸರಿ ಇದ್ದರೆ ಬಲ್ಬು ಒಂದು ಕ್ಷಣ ಮಿನುಗಿ ಆರುತ್ತದೆ, ಅಥವಾ ಮಂಕಾಗಿ ಉರಿಯುತ್ತದೆ. ಎಲ್ಲಾದರೂ ಶಾರ್ಟ್ ಆಗಿದ್ದರೆ ಪೂರ್ತಿ ಬೆಳಗುತ್ತದೆ. ಬಲ್ಬು ತನ್ನ ಮೂಲಕ ಸುಮಾರು ಒಂದು ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿಯಲು ಬಿಡುವುದಿಲ್ಲ, ಹಾಗಾಗಿ ಬೋರ್ಡು ಉಳಿಯುತ್ತದೆ. ತಪ್ಪು ಹುಡುಕಿ, ತಿದ್ದಿ, ಇನ್ನೊಮ್ಮೆ ಜೋಡಿಸಿ. ಈ ಬಲ್ಬು ಇಲ್ಲದೆ ಹೊಸದಾಗಿ ಕಟ್ಟಿದ ಡ್ರೋನ್‌ಗೆ ಯಾರೂ ಬ್ಯಾಟರಿ ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೇಜಿನ ಮೇಲೆ ಕೆಲಸ ಮಾಡುವಾಗ ಪ್ರೊಪೆಲ್ಲರ್ ಇರಲೇಬಾರದು. ಕಂಪ್ಯೂಟರಿಗೆ ಜೋಡಿಸುವಾಗಲೂ ಇಲ್ಲ, ಮೋಟಾರು ತಿರುಗಿಸಿ ನೋಡುವಾಗಲೂ ಇಲ್ಲ. ಆರು ಸೆಲ್ಲಿನ ಬ್ಯಾಟರಿ ಪೂರ್ತಿ ತುಂಬಿದರೆ 25.2 ವೋಲ್ಟ್. ಮೋಟಾರಿನ ಮೇಲೆ 1900 ಕೆವಿ ಅಂತ ಬರೆದಿದ್ದರೆ, ಹೊರೆ ಇಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1900 ಸುತ್ತು ಎಂದು ಅರ್ಥ. ಗುಣಿಸಿ ನೋಡಿ, 47,000 ದಾಟುತ್ತದೆ. ಆ ವೇಗದಲ್ಲಿ ತಿರುಗುವ ಪ್ಲಾಸ್ಟಿಕ್ಕಿನ ಮುಂದೆ ಬೆರಳು ಏನೂ ಅಲ್ಲ.

ಇದರ ಮಿದುಳಿನ ವಿಷಯಕ್ಕೆ ಬರೋಣ. ನಡುವೆ ಇರುವ ಬೋರ್ಡಿನಲ್ಲಿ ಗೈರೋ ಎಂಬ ಸಣ್ಣ ಚಿಪ್ ಇದೆ. ಡ್ರೋನ್ ಯಾವ ಕಡೆಗೆ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅದು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ನೀವು ಕೇಳಿದ್ದಕ್ಕೂ ನಿಜವಾಗಿ ಆಗುತ್ತಿರುವುದಕ್ಕೂ ಇರುವ ವ್ಯತ್ಯಾಸ ನೋಡಿ ಬೋರ್ಡು ನಾಲ್ಕು ಮೋಟಾರಿನ ವೇಗ ತಿದ್ದುತ್ತದೆ. ಈ ಲೆಕ್ಕಕ್ಕೆ ಪಿಐಡಿ ಎನ್ನುತ್ತಾರೆ. ಉದ್ದದ ದೋಟಿಯನ್ನು ನೆಟ್ಟಗೆ ಹಿಡಿದು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ದೋಟಿ ಎಷ್ಟು ವಾಲಿತೋ ಅಷ್ಟು ಬಲ ಹಾಕಿ ಕೈ ಎದುರು ಕಡೆಗೆ ಎಳೆಯುತ್ತದೆ, ಅದು ಪಿ. ಗಾಳಿ ಒಂದೇ ಕಡೆಯಿಂದ ಬೀಸುತ್ತಲೇ ಇದ್ದರೆ ಕೈ ಅದಕ್ಕೆ ಎದುರಾಗಿ ಒತ್ತು ಕೊಟ್ಟೇ ನಿಲ್ಲುತ್ತದೆ, ಅದು ಐ. ದೋಟಿ ವಾಪಸ್ ಬರುವ ರಭಸ ನೋಡಿ, ಅದು ಆಚೆ ಬದಿಗೆ ದಾಟದ ಹಾಗೆ ಕೈ ಮೊದಲೇ ತಡೆಯುತ್ತದೆ, ಅದು ಡಿ.

ಇಲ್ಲಿ ರಿಪೇರಿಯ ವಿಷಯ ಮತ್ತೆ ಬರುತ್ತದೆ. ಪ್ರೊಪೆಲ್ಲರ್ ಸ್ವಲ್ಪ ಸೊಟ್ಟಗಾಗಿದೆ ಅಂತಿಟ್ಟುಕೊಳ್ಳಿ. ಅದು ನಡುಗುತ್ತದೆ. ಗೈರೋಗೆ ನಡುಕ ಯಾವುದು, ನಿಜವಾದ ಚಲನೆ ಯಾವುದು ಎಂದು ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ಡಿ ಅನ್ನುವುದು ವೇಗದ ಬದಲಾವಣೆಗೆ ಓಗೊಡುವಂಥದ್ದು. ಹಾಗಾಗಿ ಅದು ಆ ನಡುಕವನ್ನೇ ತಡೆಯಲು ಹೊರಡುತ್ತದೆ. ಮೋಟಾರು ಕ್ಷಣಕ್ಷಣಕ್ಕೂ ಏರಿ ಇಳಿದು ಬಿಸಿಯಾಗುತ್ತದೆ. ಹುಡುಗರು ಲ್ಯಾಪ್‌ಟಾಪ್ ತೆರೆದು ಸಂಖ್ಯೆ ಬದಲಿಸುತ್ತ ಕೂರುತ್ತಾರೆ. ಬೇಡ. ಮೊದಲು ಪ್ರೊಪೆಲ್ಲರ್ ಬದಲಿಸಿ. ಆಮೇಲೆ ಸಡಿಲ ಸ್ಕ್ರೂ ಹುಡುಕಿ. ಆಮೇಲೆ ಮೋಟಾರನ್ನು ಬೆರಳಲ್ಲಿ ತಿರುಗಿಸಿ, ಬೇರಿಂಗಿನ ಕರಕರ ಕೇಳುತ್ತದಾ ನೋಡಿ. ನೂರಕ್ಕೆ ತೊಂಬತ್ತರಷ್ಟು ತೊಂದರೆ ಅಲ್ಲೇ ಮುಗಿಯುತ್ತದೆ ಅನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ.

ಬೋರ್ಡಿನಲ್ಲಿ ಈ ಲೆಕ್ಕ ಮಾಡುವ ಸಾಫ್ಟ್‌ವೇರ್ ಎಲ್ಲಿಂದ ಬಂತು ಎಂದು ಮಕ್ಕಳು ತಿಳಿದಿರಬೇಕು. ನಿಂಟೆಂಡೊ ವೀ ಎಂಬ ಆಟದ ಯಂತ್ರದ, ಕೈಯಲ್ಲಿ ಹಿಡಿಯುವ ರಿಮೋಟಿಗೆ ಸಿಕ್ಕಿಸುವ ತುಂಡಿನಲ್ಲಿದ್ದ ಗೈರೋವನ್ನು ಕಿತ್ತು, ಹವ್ಯಾಸಿಗಳು ಮಲ್ಟಿವೀ ಎಂಬ ಪ್ರೋಗ್ರಾಂ ಬರೆದರು. ಅದರಿಂದ ಬೇಸ್‌ಫ್ಲೈಟ್, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ ಇವತ್ತಿನ ಬೀಟಾಫ್ಲೈಟ್ ಬಂತು. ಎಲ್ಲವೂ ತೆರೆದ ಪ್ರೋಗ್ರಾಂ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹೀಗೆ ತೆರೆದಿರುವುದರಿಂದ ದೊಡ್ಡ ಪ್ರಯೋಜನ ಇದೆ. ಮೋಟಾರು ನಡೆಸುವ ಬೋರ್ಡುಗಳಿಗೆ ಬಿಎಲ್‌ಹೆಲಿ 32 ಎಂಬ ಮುಚ್ಚಿದ ಪ್ರೋಗ್ರಾಂ ತುಂಬ ಬಳಕೆಯಲ್ಲಿತ್ತು. 2024ರಲ್ಲಿ ಅದು ನಿಂತುಹೋಯಿತು. ಎಎಂ32 ಎಂಬ ತೆರೆದ ಪ್ರೋಗ್ರಾಂ ಇದ್ದುದರಿಂದ ಹವ್ಯಾಸ ನಿಲ್ಲಲಿಲ್ಲ. ರಿಮೋಟಿನ ಸಿಗ್ನಲ್‌ಗೆ ಇರುವ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಕೂಡ ತೆರೆದದ್ದೇ. ಕೊಳ್ಳುವಾಗ ಇಂಥದ್ದನ್ನೇ ಆರಿಸಿ.

ನಮ್ಮ ನೆಲಕ್ಕೆ ಬರೋಣ. ಹಾರಿಸಲು ಪದವು, ಅಂದರೆ ಮುರಕಲ್ಲಿನ ಬಯಲುಗುಡ್ಡೆ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ವಿಶಾಲ, ಮರ ಇಲ್ಲ, ದೂರದವರೆಗೆ ಕಾಣುತ್ತದೆ. ಆದರೆ ಮುರಕಲ್ಲಿನ ಪುಡಿಯಲ್ಲಿ ಕಬ್ಬಿಣದ ಅಂಶ ಇದೆ. ಮೋಟಾರಿನೊಳಗೆ ಬಲವಾದ ಅಯಸ್ಕಾಂತಗಳಿವೆ. ಪದವಿನಲ್ಲಿ ಬಿದ್ದ ಡ್ರೋನ್ ಎತ್ತಿ ನೋಡಿದರೆ ಮೋಟಾರಿನ ತಿರುಗುವ ಹೊರಚಿಪ್ಪಿನ ಒಳಮೈಗೆ ಕೆಂಪು ಕಪ್ಪು ಕಣಗಳು ಮೀಸೆಯ ಹಾಗೆ ಅಂಟಿರುತ್ತವೆ. ಅದನ್ನು ಊದಿದರೆ ಹೋಗುವುದಿಲ್ಲ. ಗಟ್ಟಿ ಅಂಟಿನ ಟೇಪನ್ನು ಒತ್ತಿ ಒತ್ತಿ ತೆಗೆಯಬೇಕು. ಹಾಗೆಯೇ ಬಿಟ್ಟು ಹಾರಿಸಿದರೆ ಕಣಗಳು ಸುರುಳಿಯ ಮೇಲಿನ ಲೇಪವನ್ನು ಕೆರೆದು ಹಾಕುತ್ತವೆ. ಮಂಜೇಶ್ವರ, ಕುಂಬಳೆ ಕಡೆ ಸಮುದ್ರದ ಹತ್ತಿರ ಇರುವವರಿಗೆ ಉಪ್ಪುಗಾಳಿಯ ಕಾಟ ಬೇರೆ. ಬೋರ್ಡಿಗೆ ಸಿಲಿಕೋನ್ ಲೇಪ ಹಚ್ಚಿ. ಯುಎಸ್‌ಬಿ ಕಂಡಿ ಮತ್ತು ಬಟನ್ ಮೇಲೆ ಮಾತ್ರ ಬೀಳದಂತೆ ನೋಡಿಕೊಳ್ಳಿ.

ತೋಟದ ಮೇಲೆ ಹಾರಿಸಬೇಡಿ ಎಂದರೂ ಕೇಳುವವರು ಕಡಿಮೆ. ಅಡಿಕೆ ಮರದ ತಲೆಯಲ್ಲಿ ಸಿಕ್ಕಿಕೊಂಡರೆ ದೋಟಿಯಿಂದಲೇ ಇಳಿಸಬೇಕಾಗುತ್ತದೆ, ಸುತ್ತ ಕರೆಂಟಿನ ತಂತಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು. ಒದ್ದೆ ಎಲೆಗಳು ವಿಡಿಯೋ ಸಿಗ್ನಲನ್ನು ನುಂಗುತ್ತವೆ. ಗುಡ್ಡೆಯ ಮರೆ ಬಂದರೆ ಚಿತ್ರ ಪೂರ್ತಿ ಹೋಗುತ್ತದೆ. ರಿಮೋಟಿನ ಸಿಗ್ನಲ್ ತಪ್ಪಿದರೆ ಮೋಟಾರು ನಿಲ್ಲುವಂತೆ ಸೆಟ್ ಮಾಡಿ, ಅದನ್ನು ಪ್ರೊಪೆಲ್ಲರ್ ತೆಗೆದು ಮನೆಯಲ್ಲೇ ಪರೀಕ್ಷೆ ಮಾಡಿ.

ಈಗ ಬ್ಯಾಟರಿ. ಅಪ್ಪ ಅಮ್ಮಂದಿರು ಇದನ್ನು ಗಮನ ಇಟ್ಟು ಕೇಳಬೇಕು. ಇದರಲ್ಲಿ ಬಳಸುವ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ಲು ತುಂಬಿದಾಗ 4.2 ವೋಲ್ಟ್. ಹಾರಿಸುವಾಗ 3.5ರ ಹತ್ತಿರ ಬಂದರೆ ಇಳಿಸಿಬಿಡಿ. ತೆಗೆದಿಡುವುದಾದರೆ 3.8ಕ್ಕೆ ತಂದು ಇಡಿ. ಮಳೆಗಾಲದಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹಾರಾಟ ಹೆಚ್ಚುಕಮ್ಮಿ ಬಂದ್. ಆ ನಾಲ್ಕು ತಿಂಗಳು ಪೂರ್ತಿ ತುಂಬಿಸಿಟ್ಟ ಬ್ಯಾಟರಿ ಉಬ್ಬುತ್ತದೆ, ಖಾಲಿ ಇಟ್ಟದ್ದು ಸಾಯುತ್ತದೆ. ಚಾರ್ಜ್ ನಿಧಾನವಾಗಿ ಮಾಡಿ. 1300 ಎಂಎಎಚ್ ಇದ್ದರೆ 1.3 ಆಂಪಿಯರ್ ಸಾಕು. ಅಡಿಕೆ ಗೋಣಿ, ತೆಂಗಿನ ಸಿಪ್ಪೆ, ಒಣ ಸೋಗೆ ಇರುವ ಕೊಟ್ಟಿಗೆಯಲ್ಲಿ ಖಂಡಿತ ಬೇಡ. ಅಂಗಳದ ಮೂಲೆಯಲ್ಲಿ ಮುರಕಲ್ಲಿನ ಮೇಲೆ ಇಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ, ಚಾರ್ಜ್ ಮುಗಿಯುವ ತನಕ ಒಬ್ಬರು ಅಲ್ಲೇ ಇರಲಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಬೇಡವೇ ಬೇಡ. ಉಬ್ಬಿದ ಬ್ಯಾಟರಿಯನ್ನು, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮಸೇನೆಗೆ ಕೊಡುವ ಪ್ಲಾಸ್ಟಿಕ್ ಚೀಲದೊಳಗೆ ತುರುಕಬೇಡಿ. ಒತ್ತಡ ಬಿದ್ದರೆ ಹತ್ತಿಕೊಳ್ಳುತ್ತದೆ. ಪೂರ್ತಿ ಖಾಲಿ ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೇ ಕೊಡಿ.

ಮಳೆಗಾಲ ವ್ಯರ್ಥ ಅಂದುಕೊಳ್ಳಬೇಡಿ. ರಿಮೋಟನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಬಹುದು. ವೆಲೋಸಿಡ್ರೋನ್, ಲಿಫ್ಟ್‌ಆಫ್ ಎರಡೂ ಒಳ್ಳೆಯವು. ಅಂಗೈಯಗಲದ, ಪ್ರೊಪೆಲ್ಲರ್ ಸುತ್ತ ಬಳೆ ಇರುವ ಟೈನಿ ವೂಪ್ ಬರುತ್ತದೆ, ಅದನ್ನು ಚಾವಡಿಯೊಳಗೇ ಹಾರಿಸಬಹುದು. ಹೊಸಬರು ಅದರಿಂದಲೇ ಶುರು ಮಾಡಬೇಕು ಎಂದು ನಾನು ಹೇಳುತ್ತೇನೆ. ಬಿದ್ದರೂ ಸುಲಭಕ್ಕೆ ಮುರಿಯುವುದಿಲ್ಲ, ಕೈ ಪಳಗುತ್ತದೆ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಈಗಿರುವುದು 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು. 250 ಗ್ರಾಂ ತನಕ ನ್ಯಾನೊ, ಅಲ್ಲಿಂದ 2 ಕಿಲೋ ತನಕ ಮೈಕ್ರೊ. ಐದಿಂಚಿನದು ಮೈಕ್ರೊಗೆ ಬರುತ್ತದೆ. ಸಂಪಾದನೆಗಲ್ಲದೆ ಹಾರಿಸುವವರಿಗೆ ಅದರಲ್ಲಿ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ನೋಂದಣಿಯ ನಿಯಮವನ್ನೂ, ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿರುವ ವಲಯದ ನಕ್ಷೆಯನ್ನೂ ನೋಡದೆ ಹೊರಡಬೇಡಿ. ಹಸಿರು ವಲಯದಲ್ಲೂ 120 ಮೀಟರಿಗಿಂತ ಮೇಲೆ ಇಲ್ಲ. ಬೇಕಲ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಬೇಡ. ದಕ್ಷಿಣಕ್ಕೆ ಹೋದರೆ ಏಳಿಮಲೆಯಲ್ಲಿ ನೌಕಾ ಅಕಾಡೆಮಿ ಇದೆ, ಆ ಕಡೆಯೂ ಬೇಡ. ಜಾತ್ರೆ, ಕೋಲ, ಕಂಬಳದ ಜನಸಂದಣಿ ಮೇಲೆ ಯಾವತ್ತೂ ಬೇಡ. ಗಾಗಲ್ ಹಾಕಿದವನ ಪಕ್ಕದಲ್ಲಿ ಬರಿಗಣ್ಣಲ್ಲಿ ಡ್ರೋನ್ ನೋಡುತ್ತ ಒಬ್ಬರು ನಿಂತಿರಬೇಕು. ದನ ಮೇಯಿಸುವವರು ಬಂದರೆ ಹೇಳುವುದು ಆ ಪಕ್ಕ ನಿಂತವರೇ ತಾನೆ.

ಖರ್ಚಿನ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ರಿಮೋಟು, ಗಾಗಲ್, ಚಾರ್ಜರ್ ಒಳ್ಳೆಯದು ಕೊಳ್ಳಿ, ಅವು ವರ್ಷಗಟ್ಟಲೆ ಬಾಳುತ್ತವೆ. ಡ್ರೋನ್ ಮಾತ್ರ ಸವೆಯುವ ಸಾಮಾನು. ಅದಕ್ಕೆ ಸಾಧಾರಣದ್ದು ಸಾಕು, ಬಿಡಿ ತೋಳು ಮತ್ತು ಪ್ರೊಪೆಲ್ಲರ್ ಮಾತ್ರ ಮೊದಲೇ ತರಿಸಿಟ್ಟುಕೊಳ್ಳಿ. ಒಬ್ಬೊಬ್ಬರೇ ಕೊಳ್ಳುವ ಬದಲು ನಾಲ್ಕೈದು ಜನ ಸೇರಿ ಒಂದು ಬೆಸುಗೆ ಐರನ್, ಒಂದು ಚಾರ್ಜರ್ ಇಟ್ಟುಕೊಂಡರೆ ಇನ್ನೂ ಹಗುರ.

ನನ್ನ ಮಾತು ಇಷ್ಟೇ. ಆ ಕಿಟಕಿ ಪಕ್ಕದ ಮೇಜಿನಲ್ಲಿ ತೋಳು ಮುರಿದ ಒಂದು ಡ್ರೋನ್ ಇಟ್ಟಿದ್ದೇನೆ. ಬ್ಯಾಟರಿ ಇಲ್ಲ, ಪ್ರೊಪೆಲ್ಲರ್ ತೆಗೆದಿದ್ದೇನೆ. ಹೊಸ ತೋಳು, ಎಂಟು ಮಿಲಿಮೀಟರಿನ ಸ್ಕ್ರೂ, ಹೆಕ್ಸ್ ಕೀ, ಮಲ್ಟಿಮೀಟರ್ ಎಲ್ಲ ಅಲ್ಲೇ ಇವೆ. ಹೈಸ್ಕೂಲಿನವರು ಮೊದಲು ಬನ್ನಿ, ಇಬ್ಬಿಬ್ಬರಾಗಿ. ತೋಳು ನೀವೇ ಬದಲಿಸಿ. ಪ್ರಶ್ನೆಗಳನ್ನು ಕೆಲಸ ಮಾಡುತ್ತಲೇ ಕೇಳಿ.